ತಲೆಯ ಮೇಲಿನ ಹೆಸರು

ಕಮ್ಮಟದೊಳಗೆ ಎಲ್ಲರ ತಲೆಯ ಮೇಲೂ ಹೆಸರು ತೇಲುತ್ತಿರುತ್ತದೆ. ಕಮ್ಮಾರನಿರಲಿ, ಕುಂಬಾರನಿರಲಿ, ಸಂತೆಯಲ್ಲಿ ಸುಮ್ಮನೆ ಅಡ್ಡಾಡುವ ಉಂಡಾಡಿಯಿರಲಿ, ನೆತ್ತಿಯಿಂದ ಒಂದು ಗೇಣು ಮೇಲೆ ಹಳದಿ ಅಕ್ಷರಗಳಲ್ಲಿ ಹೆಸರು. ಯಾರ ಮುಖವನ್ನೂ ನೆನಪಿಟ್ಟುಕೊಳ್ಳುವ ಗೋಜಿಲ್ಲ. ಈ ಸಣ್ಣ ಅನುಕೂಲವೇ ನನ್ನ ಮನೆಯನ್ನು ತಿಂದಿತು ಎಂದರೆ ನಂಬುವವರು ಕಡಿಮೆ. ನಂಬದವರು ಹಾಯಾಗಿರಲಿ. ಅವರನ್ನು ಕಂಡು ನನಗೆ ಹೊಟ್ಟೆಕಿಚ್ಚಿಲ್ಲ ಎಂದರೆ ಸುಳ್ಳಾಗುತ್ತದೆ.

ಕಮ್ಮಟ ಒಂದು ಆನ್‌ಲೈನ್ ಆಟ. ಬೇರೆ ಆಟಗಳಲ್ಲಿ ಕತ್ತಿ ಹಿಡಿದು ರಾಕ್ಷಸರನ್ನು ಕೊಲ್ಲುತ್ತಾರೆ; ಇದರಲ್ಲಿ ಆ ಕತ್ತಿಯನ್ನು ಮಾಡುತ್ತಾರೆ. ಮಡಕೆ, ಮಂಚ, ಗೊಂಬೆ, ಒಡವೆ, ಎಲ್ಲದಕ್ಕೂ ಅಲ್ಲಿ ಕಸುಬುದಾರರಿದ್ದಾರೆ. ಹುಬ್ಬಳ್ಳಿಯ ಹೊರವಲಯದಲ್ಲಿ ಅದರ ನಿಯಂತ್ರಣ ಕೊಠಡಿ. ನೀಲಾಂಬಿಕಾ ಎಂಬ ನಾನು ಅಲ್ಲಿ ಸಹಾಯವಾಣಿಯಲ್ಲಿ ಕೂತು ಜನರ ಗೋಳು ಕೇಳುವವಳು. ಹತ್ತರಲ್ಲಿ ಎಂಟು ಗೋಳು ಒಂದೇ: "ಮೇಡಂ, ಮುಂಜಾನಿಂದ ಕೊಡಲಿ ಬಡ್ಯಾಕತ್ತೇನಿ, ಕೌಶಲ ಒಂದು ಕೂದಲೆಳಿನೂ ಏರವಲ್ದು. ಏನರೆ ಮಾಡ್ರಿ."

ಏರದಿರುವುದಕ್ಕೆ ಕಾರಣವಿದೆ. ಆಟಕ್ಕೆ ಸೇರುವಾಗ ನಿಮ್ಮ ಪಾತ್ರಕ್ಕೆ ಐದು ಗುಣಗಳು ಬರುತ್ತವೆ: ಬಲ, ಚುರುಕು, ಗಮನ, ಸಹನೆ, ಗುರುತು. ಐದೂ ಸೇರಿ ಮುನ್ನೂರು ಅಂಕ, ಅದರಾಚೆ ಒಂದೂ ಇಲ್ಲ. ನೀವೊಂದು ಸಾಮಾನು ಮಾಡಿದಾಗ ಕೌಶಲ ಏರುತ್ತದೋ ಇಲ್ಲವೋ ಎನ್ನುವುದು ಈ ಗುಣಗಳ ಮೇಲೆ ನಿಂತಿದೆ. ಕಮ್ಮಾರನಿಗೆ ಬಲ ಬೇಕು, ಕೆತ್ತುವವನಿಗೆ ಚುರುಕು ಮತ್ತು ಗಮನ. ಪ್ರತಿ ಗುಣದ ಪಕ್ಕದಲ್ಲೂ ಒಂದು ಪುಟ್ಟ ಬಾಣ ಇರುತ್ತದೆ. ಮೇಲಕ್ಕೆ ತಿರುಗಿಸಿದರೆ ಆ ಗುಣ ಏರುತ್ತದೆ, ಕೆಳಕ್ಕೆ ತಿರುಗಿಸಿದರೆ ಇಳಿಯುತ್ತದೆ. ಮುನ್ನೂರು ತುಂಬಿದ ಮೇಲೆ ಒಂದು ಏರಬೇಕಾದರೆ ಇನ್ನೊಂದು ಇಳಿಯಲೇಬೇಕು. ಕೊಡ ಹಿಡಿಯುವುದೇ ಅಷ್ಟು ನೀರನ್ನು.

ಹಾಗಾದರೆ ಯಾವುದನ್ನು ಇಳಿಸುವುದು? ಆಟಗಾರರು ವರ್ಷಗಟ್ಟಲೆ ಜಗಳಾಡಿ ಒಂದು ತೀರ್ಮಾನಕ್ಕೆ ಬಂದಿದ್ದರು: ಗುರುತನ್ನು. ಗುರುತು ಎಂದರೆ ಮುಖ ನೋಡಿ ಇಂಥವರು ಎಂದು ತಿಳಿಯುವ ಶಕ್ತಿ. ಆಟ ಕಟ್ಟಿದವರು ಮೊದಮೊದಲು ಹೆಸರು ತೋರಿಸುವುದು ಬೇಡ, ಜನ ಮುಖ ನೋಡಿಯೇ ಪರಿಚಯ ಹಿಡಿಯಲಿ ಎಂದುಕೊಂಡಿದ್ದರಂತೆ. ಸಂತೆಯಲ್ಲಿ ಗೆಳೆಯರು ಸಿಗುವುದಿಲ್ಲವೆಂದು ಗಲಾಟೆಯಾಯಿತು. ತಲೆಯ ಮೇಲೆ ಹೆಸರು ಬಂತು. ಹೆಸರು ಬಂದ ಮೇಲೆ ಗುರುತಿಗೆ ಕೆಲಸವಿಲ್ಲ. ಮದುವೆ ಮುಗಿದರೂ ಬಿಚ್ಚದ ಹಂದರದಂತೆ ಅದು ಅಲ್ಲೇ ಉಳಿದುಕೊಂಡಿತು. "ಕಸುಬು ಬೇಕಂದ್ರ ಗುರುತು ಇಳಸು" ಎನ್ನುವುದು ಕಮ್ಮಟದಲ್ಲಿ ಗಾದೆಯೇ ಆಗಿಹೋಯಿತು.

ಇದು ಬರೀ ಆಟವಾಗಿರುವ ತನಕ ಯಾರ ಗಂಟೂ ಹೋಗಲಿಲ್ಲ. ಆಮೇಲೆ ಹಣೆಪಟ್ಟಿ ಬಂತು.

ಹಣೆಗೆ ಕಟ್ಟಿಕೊಳ್ಳುವ ಎರಡು ಬೆರಳಗಲದ ಪಟ್ಟಿ. ಅದನ್ನು ಕಟ್ಟಿಕೊಂಡು ಆಡಿದರೆ, ಆಟದೊಳಗೆ ಕಲಿತ ಕಸುಬು ನಿಜವಾದ ಕೈಗೂ ಇಳಿಯುತ್ತದೆ. ಆಟದಲ್ಲಿ ಉಳಿ ಹಿಡಿದಾಗ ಮಿದುಳಿನಲ್ಲಿ ಉಳಿ ಹಿಡಿಯುವ ಜಾಗವನ್ನೇ ಪಟ್ಟಿ ಮೆಲ್ಲಗೆ ತಟ್ಟುತ್ತದೆ. ವರ್ಷಗಳ ಅಭ್ಯಾಸ ತಿಂಗಳುಗಳಲ್ಲಿ ಕೂತುಬಿಡುತ್ತದೆ. ಪಾತ್ರದ ಗುಣಗಳನ್ನು ಈಗ ನೀವು ಆರಿಸುವಂತಿಲ್ಲ. ಪಟ್ಟಿಯೇ ನಿಮ್ಮನ್ನು ಓದಿ, ನೀವು ಹೇಗಿದ್ದೀರೋ ಹಾಗೆ ತುಂಬಿಕೊಳ್ಳುತ್ತದೆ. ಬಾಣಗಳು ಮಾತ್ರ ಮೊದಲಿನಂತೆಯೇ ಉಳಿದವು. ಅವುಗಳನ್ನು ತೆಗೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ.

*

ನಮ್ಮ ಕೂಸು ಹುಟ್ಟಿದ್ದು ಒಂದು ಬೆಳಿಗ್ಗೆ. ಹೋದದ್ದು ಅದೇ ದಿನ ಇಳಿಹೊತ್ತಿಗೆ.

ನನಗೆ ರಕ್ತ ನಿಲ್ಲದೆ ಎಚ್ಚರ ತಪ್ಪಿತ್ತು. ಕೂಸನ್ನು ಇಡೀ ದಿನ ಎತ್ತಿಕೊಂಡು ಕೂತವರು ನನ್ನ ಗಂಡ ಚನ್ನವೀರ. ಅದು ಕಣ್ಣು ಬಿಟ್ಟು ಅವರನ್ನು ನೋಡಿತಂತೆ, ಅವರ ಕಿರುಬೆರಳು ಹಿಡಿದುಕೊಂಡಿತಂತೆ. ಕೊನೆಗೆ ಅವರು ಜೇಬಿನಿಂದ ಫೋನು ತೆಗೆದರು, ಒಂದು ಫೋಟೊ ಇರಲಿ ಎಂದು. ನನ್ನ ಅತ್ತೆ ಕೈ ಹಿಡಿದರು. "ಬ್ಯಾಡೋ ಯಪ್ಪಾ. ಹ್ವಾದ ಕೂಸಿಂದು ಫೋಟೊ ತಗೀಬಾರ್ದು, ಹೆತ್ತಾಕಿಗೆ ಮುಖಾ ತೋರಸಬಾರ್ದು. ಮುಂದಿನ ಕೂಸು ಹಿಂದ ಸರೀತೈತಿ." ಅತ್ತೆ ಕೆಟ್ಟವರಲ್ಲ. ಅವರೂ ಎರಡು ಕೂಸುಗಳನ್ನು ಮಣ್ಣಿಗೆ ಕೊಟ್ಟವರು, ಎರಡರ ಮುಖವನ್ನೂ ನೋಡದವರು. ಅವರಿಗೆ ಯಾರೋ ಹೇಳಿದ್ದರು, ಅವರು ಮಗನಿಗೆ ಹೇಳಿದರು. ಮಗ ಫೋನನ್ನು ಮತ್ತೆ ಜೇಬಿಗಿಟ್ಟರು.

ನನಗೆ ಎಚ್ಚರವಾದಾಗ ಎದೆಯಲ್ಲಿ ಹಾಲಿತ್ತು, ಮಗ್ಗುಲಲ್ಲಿ ಯಾರೂ ಇರಲಿಲ್ಲ.

"ಹೆಂಗಿದ್ಲ್ರೀ?" ಎಂದು ಕೇಳಿದೆ.

"ಚಲೋ ಇದ್ಲು."

"ಚಲೋ ಅಂದ್ರ?"

"ಚಲೋ ಅಂದ್ರ..." ಅವರು ನನ್ನ ಹೊದಿಕೆ ಎಳೆದು ಸರಿಮಾಡಿದರು. "ಚಲೋ, ನೀಲಾ."

ನನ್ನ ಗಂಡ ಹುಬ್ಬಳ್ಳಿ–ನವಲಗುಂದ ಬಸ್ಸಿನ ಕಂಡಕ್ಟರು. "ಹಿಂದಕ್ಕ ಸರೀರಿ, ಒಳಗ ಬರ್ರಿ" ಎಂದು ದಿನವಿಡೀ ಕೂಗುವ ಬಾಯಿಗೆ ಬೇರೆ ಮಾತು ರೂಢಿಯಿಲ್ಲ. ಆದರೆ ಮುಖದ ವಿಷಯಕ್ಕೆ ಬಂದರೆ ಅವರಂಥ ಮನುಷ್ಯ ಇನ್ನೊಬ್ಬನಿಲ್ಲ. ಒಮ್ಮೆ ಬಸ್ ಹತ್ತಿದವರನ್ನು ಅವರು ಮರೆತದ್ದಿಲ್ಲ. ಪಾಸಿನವರನ್ನು ಎರಡನೇ ಸಲ ಪಾಸ್ ಕೇಳಿದ್ದಿಲ್ಲ. ಹೋದ ಮಳೆಗಾಲದಲ್ಲಿ ಚಿಲ್ಲರೆ ಬಿಟ್ಟು ಇಳಿದವರನ್ನು ಈ ಮಳೆಗಾಲದಲ್ಲಿ ಹಿಡಿದು ನಿಲ್ಲಿಸಿ, "ಅಜ್ಜಾರ, ನಿಮ್ಮ ಚಿಲ್ರಿ ತಗೊಳ್ರಿ" ಎಂದು ಕೊಟ್ಟವರು. ಹಾಗಾಗಿ ನನ್ನ ಮಗಳ ಮುಖ ಅವರ ತಲೆಯೊಳಗೆ ಹುಬ್ಬು, ರೆಪ್ಪೆ, ಗದ್ದ ಸಮೇತ ಪೂರ್ತಿಯಾಗಿ ಇತ್ತು. ಇದು ನನಗೂ ಗೊತ್ತು, ಅವರಿಗೂ ಗೊತ್ತು. ಅದನ್ನು ಹೊರಗೆ ತರುವ ದಾರಿ ಮಾತ್ರ ಇಬ್ಬರಿಗೂ ಗೊತ್ತಿರಲಿಲ್ಲ.

ಚಿತ್ರ ಬರೆಯುವ ಯಂತ್ರಕ್ಕೆ ಹೇಳಿ ನೋಡಿದೆವು. ಮೂಗು ಚಪ್ಪಟೆ ಎಂದರು, ಹಣೆ ಅಗಲ ಎಂದರು. ಅದು ಬರೆದದ್ದೆಲ್ಲ ಪೌಡರ್ ಡಬ್ಬಿಯ ಮೇಲಿನ ಕೂಸುಗಳೇ. ಅವರು ಒಂದೊಂದನ್ನೂ ನೋಡಿ ತಲೆಯಾಡಿಸಿದರು. ಕೊನೆಗೆ ತಾವೇ ಪೆನ್ಸಿಲ್ ಹಿಡಿದರು. ಬದನೆಕಾಯಿಗೆ ಕಣ್ಣು ಬಿಡಿಸಿದ ಹಾಗೆ ಬಂತು. ನಾನು ಅಳುತ್ತಾ ಇದ್ದವಳು ನಕ್ಕುಬಿಟ್ಟೆ, ಅವರೂ ನಕ್ಕರು, ಆಮೇಲೆ ಇಬ್ಬರೂ ಮತ್ತೆ ಅತ್ತೆವು.

ಆದರೂ ದಿನಾ ಕೇಳುವುದನ್ನು ನಾನು ಬಿಡಲಿಲ್ಲ. ಉಣ್ಣುವಾಗ, ಬಟ್ಟೆ ಮಡಚುವಾಗ, "ಯಾರ್ಹಂಗ ಇದ್ಲ್ರೀ?" ಎಂದು ಕೇಳುವುದು. ನನ್ನ ಕನಸಿನಲ್ಲಿ ಬರುವ ಕೂಸಿಗೆ ಮುಖದ ಜಾಗದಲ್ಲಿ ಬರೀ ಬಿಳಿ ಬಟ್ಟೆ ಇರುತ್ತಿತ್ತು. ಅದನ್ನು ಹೇಳಿದ ದಿನ ಅವರು ತಾಟಿನಲ್ಲೇ ಕೈ ತೊಳೆದುಕೊಂಡು ಎದ್ದರು.

"ಬಾಯಿಲೆ ಹೇಳಾಕ ಆಗಂಗಿಲ್ಲ, ನೀಲಾ. ಮಾಡಿ ತೋರಸ್ತೇನಿ. ಕಟಗ್ಯಾಗ ಕೆತ್ತಿ ನಿನ್ನ ಕೈಯಾಗ ಕೊಡ್ತೇನಿ."

*

ಕೆಲಸಗಾರರಿಗೆ ನಮ್ಮ ಕಂಪನಿ ಹಣೆಪಟ್ಟಿಯನ್ನು ಪುಕ್ಕಟೆಯಾಗಿಯೇ ಕೊಟ್ಟಿತ್ತು. ನಾನು ಅದನ್ನು ಮುಟ್ಟಿರಲಿಲ್ಲ. ಹಲವಾಯಿ ಅಂಗಡಿಯವರು ಪೇಡೆ ತಿನ್ನುವುದಿಲ್ಲವಲ್ಲ, ಹಾಗೆ. ನನ್ನ ಗಂಡ ಕಟ್ಟಿಕೊಂಡರು. ಪಟ್ಟಿ ಅವರನ್ನು ಓದಿ ಗುಣಗಳನ್ನು ತುಂಬಿತು. ಚುರುಕು ತಳ ಕಂಡಿತ್ತು. ಗುರುತು ಮಾತ್ರ ನಾನು ಯಾವ ಆಟಗಾರನಲ್ಲೂ ಕಾಣದಷ್ಟು ಎತ್ತರದಲ್ಲಿತ್ತು. "ನೋಡ್ರಿ, ಕಂಡಕ್ಟರಕಿ ಸುಳ್ಳಲ್ಲ" ಎಂದು ಚೇಷ್ಟೆ ಮಾಡಿದೆ.

ಮೊದಲ ತಿಂಗಳು ಏನೂ ಏರಲಿಲ್ಲ. ಆಟದಲ್ಲಿ ಅವರು ಕೆತ್ತಿದ ಕುದುರೆಯನ್ನು ಸಂತೆಯವರು ಕುರಿ ಎಂದರು. ಮನೆಯಲ್ಲಿ ಕಿನ್ನಾಳದ ಗೊಂಬೆ ಮಾಡುವ ಪೊಣಕಿ ಕಟ್ಟಿಗೆ ತಂದು ಉಳಿ ಇಟ್ಟರೆ ಕಟ್ಟಿಗೆಗಿಂತ ಹೆಚ್ಚು ಬೆರಳಿಗೇ ಗಾಯ. ಅವರು ಸಹನೆಗೆಡಲಿಲ್ಲ. ಸಂಜೆ ಡ್ಯೂಟಿ ಮುಗಿಸಿ, ಚಹಾ ಕುಡಿದು, ಪಟ್ಟಿ ಕಟ್ಟಿಕೊಂಡು ಕೂರುವುದು.

ಒಂದು ಭಾನುವಾರ ಅವರು ಲಟ್ಟಿಸಿದ ಚಪಾತಿ ಚಂದ್ರನಷ್ಟು ದುಂಡಗೆ ಬಂತು. ನಾನು ಲಟ್ಟಣಿಗೆ ಕಸಿದುಕೊಂಡು ಅವರ ಕೈಯನ್ನೇ ತಿರುವಿ ನೋಡಿದೆ. "ಏರಾಕತ್ತೈತಿ ನೀಲಾ! ಏನ್ ಓಟ ಅಂತಿ!" ಎಂದು ಹುಡುಗನ ಹಾಗೆ ಕುಣಿದರು. ಅಲ್ಲಿಂದ ಮುಂದೆ ನೋಡಬೇಕಿತ್ತು. ದಾಳಿಂಬೆಯನ್ನು ಒಂದು ಕಾಳೂ ಒಡೆಯದೆ ಬಿಡಿಸುವುದು, ನನ್ನ ಮುರಿದ ಕಾಲುಂಗುರದ ಕೊಂಡಿ ಕೂಡಿಸುವುದು, ಕಟ್ಟಿಗೆಯ ನರ ಯಾವ ಕಡೆ ಓಡಿದೆ ಎಂದು ಮುಟ್ಟಿಯೇ ಹೇಳುವುದು. ಮನೆಯಲ್ಲಿ ಉಳಿಯ ಸದ್ದು ಕೇಳಿದರೆ ನನಗೆ ತೊಟ್ಟಿಲು ತೂಗಿದ ಸದ್ದು ಕೇಳಿದಂತಾಗುತ್ತಿತ್ತು. ಆ ದಿನಗಳಲ್ಲಿ ನಾನು ಸುಖವಾಗಿದ್ದೆ. ಅದನ್ನು ಮುಚ್ಚಿಡುವುದಿಲ್ಲ.

"ಇನ್ನs ಅಕಿನ್ನ ಯಾಕ ಸುರು ಮಾಡವಲ್ರಿ?" ಎಂದು ಕೇಳಿದರೆ, "ಅರ್ಧಂಬರ್ಧ ಕೈಲೆ ಅಕಿನ್ನ ಮುಟ್ಟಂಗಿಲ್ಲ. ಕೌಶಲ ತುಂಬಲಿ, ತಡಿ" ಎನ್ನುತ್ತಿದ್ದರು.

ನಡುವೆ ಒಂದು ದಿನ ನಗುತ್ತಾ ಹೇಳಿದರು: "ಇವತ್ತ ಅಣ್ಣಿಗೇರಿ ಮಾಸ್ತರಿಗೆ ಪಾಸ್ ಕೇಳೇಬಿಟ್ನಿ. ಹದಿನೈದು ವರ್ಷದಿಂದ ಹತ್ತೋ ಮನಷ್ಯಾ! ಅವ್ರು ನನ್ನ ಹಣಿ ಮುಟ್ಟಿ ಜ್ವರ ಬಂದಾವೇನೋ ಅಂತ ನೋಡಿದ್ರು." ನಾನೂ ನಕ್ಕೆ. ದಣಿದಿದ್ದಾರೆ ಎಂದುಕೊಂಡೆ.

*

ಚಿಕ್ಕೋಡಿ ಕಡೆಯಿಂದ ಒಬ್ಬ ಹೆಂಗಸು ಸಹಾಯವಾಣಿಗೆ ಫೋನು ಮಾಡಿದಳು. ಅವಳ ಗಂಡ ಆಟದಲ್ಲಿ ಅಕ್ಕಸಾಲಿ. "ನಿನ್ನಿ ನಾ ತವರಮನಿಯಿಂದ ಬಂದೆ. ಬಾಗಲಾ ತಗದು ಯಾರು ಬೇಕಾಗಿತ್ತರಿ ಅಂತ ಕೇಳಿದ್ರು. ಚ್ಯಾಷ್ಟಿ ಅಲ್ಲರೀ ಅಕ್ಕಾರ. ಅವ್ರ ಕಣ್ಣಾಗ ನಾ ಇರಲೇ ಇಲ್ಲ." ಅದೇ ವಾರ ಇಂಥವೇ ಇನ್ನಷ್ಟು ಕರೆಗಳು ಬಂದವು. ಶಾಲೆ ಬಿಡುವ ಹೊತ್ತಿಗೆ ಬೇರೆಯವರ ಮಗನ ಕೈ ಹಿಡಿದು ಮನೆಗೆ ಬಂದ ತಾಯಿ. ಸತ್ತವರ ಮನೆಯಲ್ಲಿ ಹೆಣದ ಮುಂದೆ ನಿಂತು ಯಾರು ಹೋದರೆಂದು ಕೇಳಿದ ಕುಂಬಾರ. ನಾನು ಎಲ್ಲವನ್ನೂ ಡಾಕ್ಟರ್ ಸಮೀನಾ ಕಿತ್ತೂರರ ಬಳಿ ಕಳಿಸಿದೆ. ಹಣೆಪಟ್ಟಿಯ ಮಿದುಳು ಭಾಗವನ್ನು ನೋಡಿಕೊಳ್ಳುವವರು ಅವರು.

ಸಮೀನಾ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು. ಗೋಡೆಯ ತುಂಬ ಪರದೆಗಳು, ಪರದೆಗಳ ತುಂಬ ಮಿದುಳುಗಳು. ಅವರು ನಿದ್ದೆಗೆಟ್ಟದ್ದು ಮುಖದಲ್ಲೇ ಕಾಣುತ್ತಿತ್ತು.

"ನೀಲಾ, ನಾವು ಏನು ತಿಳಕೊಂಡಿದ್ವಿ ಅಂದ್ರ, ಪಟ್ಟಿ ಕಸುಬನ್ನ ಹೊಸದಾಗಿ ಕಟ್ಟತೈತಿ ಅಂತ. ಅದು ಕಟ್ಟಂಗಿಲ್ಲ. ಇದ್ದ ಜಾಗಾ ಖಾಲಿ ಮಾಡಿಸಿ ಕೊಡತೈತಿ. ನೂರು ಮುಖದಾಗ ನಿಮ್ಮವ್ವನ ಮುಖಾ ಹೆಕ್ಕಿ ತಗಿಯೂ ಜಾಗಾ ಐತೆಲ್ಲ, ಭಾಳ ಸೂಕ್ಷ್ಮ ಫರಕು ನೋಡೋ ಜಾಗಾ ಅದು. ಕಟಗಿ ನರ, ಬಂಗಾರದ ಬಣ್ಣ, ಮಣ್ಣಿನ ಹದ, ಇಂಥಾ ಸೂಕ್ಷ್ಮಕ್ಕೂ ಅದs ಜಾಗಾ ಬೇಕು. ಗುರುತಿನ ಬಾಣಾ ಕೆಳಗ ಮಾಡಿದವ್ರ ತಲಿಯೊಳಗ ಮುಖಗೋಳು ಹೊರಗ ಬಿದ್ದಾವು, ಕಸುಬು ಒಳಗ ಕುಂತೈತಿ."

"ಬಾಣಾ ತಿರುಗಿ ಮ್ಯಾಲ ಮಾಡಿದ್ರ?"

"ಮಾಡಿ ನೋಡೇವಿ. ಕಸುಬು ಹೋಗತೈತಿ, ಜಾಗಾ ಖಾಲಿ ಆಗತೈತಿ. ಹೊಸಾ ಮುಖಾ ನಿಧಾನಕ್ಕ ಕಲೀತಾರ. ಆದ್ರ ಹಳೇ ಬಾಡಗಿದಾರ್ರು ತಿರುಗಿ ಬರಂಗಿಲ್ಲವಾ. ಒಮ್ಮೆ ಹ್ವಾದ ಮುಖಾ ಹ್ವಾದಂಗs."

ನನ್ನ ಗಂಡ ಬಾಣವನ್ನು ಮುಟ್ಟಿರಲಾರರು ಎಂದು ಮನಸ್ಸು ಒಂದೇ ಸಮನೆ ಹೇಳುತ್ತಿತ್ತು.

ಸಮೀನಾ ಕೊನೆಯ ಪರದೆ ತೋರಿಸಿದರು. "ಎಲ್ಲಾರಕಿಂತ ಜೋರ್ ಏರಿದಾಂವ ಇಂವ. ಗೊಂಬಿ ಕೆತ್ತಾಂವ. ಗುರುತು ಅಷ್ಟು ಎತ್ತರ ಇತ್ತು ನೋಡು, ಇಳಿಸಾಕ ಬೇಕಾದಷ್ಟು ಸಿಕ್ತು. ಇದ್ದಾಂವ ಖರ್ಚು ಮಾಡಿದ ಅನ್ನು. ಈಗ ತಳಾ ಮುಟ್ಟೈತಿ."

ಪರದೆಯಲ್ಲಿ ಒಬ್ಬ ಗೊಂಬೆಗಾರ ಕೂತು ಕೆತ್ತುತ್ತಿದ್ದ. ಅವನ ತಲೆಯ ಮೇಲೆ ಹಳದಿ ಅಕ್ಷರಗಳಲ್ಲಿ ಹೆಸರು ತೇಲುತ್ತಿತ್ತು: ಕಂಡಕ್ಟರ್ ಚನ್ನವೀರ.

*

ನಾನು ರಜೆ ಹಾಕಿ ಹಳೇ ಬಸ್ ನಿಲ್ದಾಣಕ್ಕೆ ಹೋದೆ. ಮಧ್ಯಾಹ್ನದ ಬಿಸಿಲಲ್ಲಿ ನವಲಗುಂದದ ಗಾಡಿ ನಿಂತಿತ್ತು. ಹತ್ತಿ ಕಿಟಕಿಯ ಪಕ್ಕ ಕೂತೆ. ಉಟ್ಟಿದ್ದು ಅಕ್ಕ ಕೊಟ್ಟ ಹೊಸ ಸೀರೆ; ಬೆಳಿಗ್ಗೆ ನನ್ನ ಗಂಡ ಬೇಗ ಹೋದದ್ದರಿಂದ ಅದನ್ನು ನೋಡಿರಲಿಲ್ಲ. ಮಾತಾಡಬಾರದು ಎಂದುಕೊಂಡೆ. ದನಿ ಕೇಳಿದರೆ ಪರೀಕ್ಷೆ ಪರೀಕ್ಷೆಯಾಗಿ ಉಳಿಯುವುದಿಲ್ಲ.

ಗಾಡಿ ಹೊರಟಿತು. ಅವರು ಮುಂದಿನಿಂದ ಒಬ್ಬೊಬ್ಬರನ್ನೇ ಕೇಳುತ್ತಾ ಬಂದರು. ಎಲ್ಲರನ್ನೂ ಪಾಸ್ ಕೇಳುತ್ತಿದ್ದರು. ನನ್ನ ಸೀಟಿನ ಹತ್ತಿರ ನಿಂತು ನೇರವಾಗಿ ನನ್ನ ಮುಖವನ್ನೇ ನೋಡಿದರು. ಏಳು ವರ್ಷ ನನ್ನ ಜೊತೆ ಉಂಡು ಮಲಗಿದ ಕಣ್ಣುಗಳು.

"ಎಲ್ಲಿಗ್ರೀ ಅಕ್ಕಾರ?"

ನಾನು ಸುಮ್ಮನಿದ್ದೆ.

"ಹೆಣ್ಮಕ್ಕಳಿಗೆ ರೊಕ್ಕಿಲ್ರೀ. ಆಧಾರ್ ಅಷ್ಟು ತೋರಸ್ರಿ."

ಚೀಲದಿಂದ ಕಾರ್ಡು ತೆಗೆದು ಕೊಟ್ಟೆ. ಅವರು ಅದರ ಮೇಲಿನ ಫೋಟೊ ನೋಡಿದರು, ನನ್ನನ್ನು ನೋಡಿದರು, ಏನೂ ಆಗಲಿಲ್ಲ. ಆಮೇಲೆ ಹೆಸರು ಓದಿದರು. ಓದುತ್ತಿದ್ದಂತೆ ಟಿಕೆಟ್ ಯಂತ್ರದ ಗುಂಡಿ ಒತ್ತಲು ಎತ್ತಿದ ಕೈ ಅಲ್ಲೇ ನಿಂತಿತು. ದಾಳಿಂಬೆ ಬಿಡಿಸುವ, ಕಾಲುಂಗುರ ಕೂಡಿಸುವ ಕೈ.

"ನೀಲಾ," ಎಂದರು. ಹಿಂದಿನ ಸೀಟಿನವರು ಚಿಲ್ಲರೆ ಕೇಳುತ್ತಿದ್ದರು. ನನ್ನ ಗಂಡನಿಗೆ ಅದು ಕೇಳಿಸಲಿಲ್ಲ. "ನೀಲಾ, ನೀ ಏನೂ ಅನಲಿಲ್ಲಲ್ಲ. ನೀ ಏನರೆ ಅಂದಿದ್ರ ಗೊತ್ತಾಗ್ತಿತ್ತು."

*

ಮನೆಗೆ ಬಂದು ಎಲ್ಲವನ್ನೂ ಹೇಳಿದರು. ಬಾಣ ತಿರುಗಿಸಿದ್ದು ಸಂತೆಯವರ ಮಾತು ಕೇಳಿ. ಗುರುತಂದರೆ ಆಟದೊಳಗಿನ ಗುರುತು, ಅಲ್ಲಿ ಹೆಂಗೂ ಹೆಸರು ಕಾಣುತ್ತವೆ, ಹೋದರೆ ಹೋಗಲಿ ಎಂದುಕೊಂಡಿದ್ದರಂತೆ. ಮೊದಲು ಪಾಸಿನವರು ಹೋದರು, ಆಮೇಲೆ ಡಿಪೋದ ಗೆಳೆಯರು, ಆಮೇಲೆ ಅವ್ವ, ಆಮೇಲೆ ನಾನು. ಮನೆಯಲ್ಲಿ ನನ್ನ ಬಳೆ ಸದ್ದು, ದನಿ, ತಲೆಯ ಎಣ್ಣೆಯ ವಾಸನೆ ಇವುಗಳಿಂದ ಸಾಗಿಸುತ್ತಿದ್ದರು. "ನಮ್ಮ ಅಡಗಿಮನ್ಯಾಗ ಇರೂ ಹೆಣ್ಮಗಳು ನೀನs ಇರತಿ ಅಂತ ತಿಳಕೊಂಡಿದ್ದೆ" ಎಂದರು. ಇಷ್ಟು ಕೇಳಿಯೂ ನನಗೆ ಬೇಕಾಗಿದ್ದದ್ದು ಬೇರೆಯೇ. ನನ್ನ ಮುಖ ಹೋದರೆ ಹೋಗಲಿ, ಕನ್ನಡಿಯಲ್ಲಿ ನನಗೆ ಸಿಗುತ್ತದೆ.

"ಅಕಿ?" ಎಂದೆ.

ಅವರು ಗೋಡೆಗೆ ಒರಗಿ ಕೂತರು. "ಕೈಯಾಗಿನ ಭಾರ ಐತಿ. ಸುತ್ತಿದ ಬಿಳಿ ಅರಬಿ ಐತಿ. ಬೆರಳು ಹಿಡದದ್ದು ಐತಿ. ಮುಖಾ..." ಅಂಗೈಯಿಂದ ಗಾಳಿಯಲ್ಲಿ ಏನನ್ನೋ ಒರೆಸಿದರು. "ಪಾಟಿ ಒರಸಿದಂಗ ಆಗೈತಿ, ನೀಲಾ."

ಆಗ ನಾನು ಬೈದೆ. ಅಲ್ಲಿಯವರೆಗೆ ಗಂಡನಿಗೆ ಆಡದ ಮಾತುಗಳನ್ನೆಲ್ಲ ಆಡಿದೆ. ಒಂದು ಮುಖ ಕಾಯಲಿಕ್ಕೆ ನಿಮಗೆ ಕೊಟ್ಟಿತ್ತು ದೇವರು, ಒಂದೇ ಒಂದು, ಎಂದು ಕೂಗಿದೆ. ನನ್ನ ಉಸಿರು ಮುಗಿದ ಮೇಲೆ ಅವರು ಎದ್ದು ಹೋಗಿ, ಮಂಚದ ಕೆಳಗಿನಿಂದ ನನ್ನ ತವರಿನ ಟ್ರಂಕು ಎಳೆದು ಮುಚ್ಚಳ ತೆಗೆದರು.

ಒಳಗೆ ಹಳೆಯ ಸೀರೆಯ ಮೇಲೆ ಕೂಸುಗಳು ಮಲಗಿದ್ದವು. ಪೊಣಕಿ ಕಟ್ಟಿಗೆಯ, ಬಣ್ಣ ಹಚ್ಚದ, ಅಂಗೈಗಿಂತ ತುಸು ದೊಡ್ಡ ಕೂಸುಗಳು. ಒಂದರ ಪಕ್ಕ ಒಂದು, ಒಂದರಂತೆ ಒಂದಿಲ್ಲ. ಒಂದರ ತುಟಿ ಆಗಷ್ಟೇ ಹಾಲು ಬಿಟ್ಟಂತೆ ತೆರೆದಿತ್ತು. ಒಂದು ಹುಬ್ಬು ಗಂಟಿಕ್ಕಿ ನಿದ್ದೆ ಮಾಡುತ್ತಿತ್ತು. ಇಷ್ಟು ಚೆಂದದ ಕೆಲಸವನ್ನು ನಾನು ಎಲ್ಲೂ ನೋಡಿಲ್ಲ. ಮುಟ್ಟಿದರೆ ಎದ್ದು ಅಳುತ್ತವೆ ಎಂದು ಕೈ ಹಿಂದಕ್ಕೆ ಬಂತು.

"ಮುಖಾ ಮಸಕ ಆಗಾಕತ್ತೈತಿ ಅಂತ ಗೊತ್ತಾದ ಕೂಡ್ಲೆ ಹೆದರಿ ಕೆತ್ತಾಕ ಹತ್ತಿದೆ," ಎಂದರು. "ದಿನಾ ಕೆತ್ತಿದೆ. ಮೊದಲಿಗೆ ಒಂದಿಷ್ಟು ನೆನಪಿತ್ತು. ಆವಾಗ ಮಾಡಿದ್ದರಾಗ ಒಂದು ಅಕಿನs ಇರಬೇಕು. ಖರೇನs ಅಕಿ. ಆದ್ರ ಯಾವದು ಮೊದಲಿನದು, ಯಾವದು ಆಮ್ಯಾಲಿಂದು, ನಂಗ ಗೊತ್ತಾಗವಲ್ದು. ಎಲ್ಲಾ ಒಂದs ಥರಾ ಕಾಣತಾವು."

ನಾನು ಟ್ರಂಕಿನ ಮುಂದೆ ಕೂತೆ. ನನ್ನ ಮಗಳು ಅದರೊಳಗಿದ್ದಳು. ಅವಳನ್ನು ನೋಡಿದ್ದವರಿಗೆ ಅವಳು ತಿಳಿಯುತ್ತಿಲ್ಲ. ಮುಖ ತಿಳಿಯಬಲ್ಲ ನಾನು ಅವಳನ್ನು ನೋಡಿಲ್ಲ. ಆಸ್ಪತ್ರೆಯಲ್ಲಿ ಅಂದು ಕೂಸನ್ನು ನೋಡಿದ್ದ ನರ್ಸಮ್ಮನನ್ನು ಹುಡುಕಿಸಿದೆ. ಅವರು ಒಂದೊಂದನ್ನೂ ಎತ್ತಿ ನೋಡಿ, "ನಾವು ದಿನಾ ಎಷ್ಟ ಕೂಸು ನೋಡ್ತೀವಿ ತಂಗಿ" ಎಂದು ಕಣ್ಣೊರೆಸಿಕೊಂಡು ಹೋದರು. ಅತ್ತೆ ಟ್ರಂಕಿನ ಹತ್ತಿರ ಬರಲಿಲ್ಲ. ಅವರು ಅಂದು ಬಟ್ಟೆಯ ಮೇಲಿಂದಲೇ ಮುಟ್ಟಿದ್ದರಂತೆ, ಮುಖ ನೋಡಿದರೆ ಎದೆ ಒಡೆಯುತ್ತದೆಂದು.

*

ನಮ್ಮ ಕಂಪನಿಯವರು ಬುದ್ಧಿವಂತರು. ತಪ್ಪು ನಮ್ಮದಲ್ಲ, ಬಾಣ ತಿರುಗಿಸಿದ್ದು ನೀವು, ಒಪ್ಪಿಗೆ ಒತ್ತಿದ್ದೀರಿ ಎಂದು ಮೊದಲು ಹೇಳಿದರು. ಆಮೇಲೆ ಒಂದು ಕನ್ನಡಕ ತಂದರು. ಹಾಕಿಕೊಂಡರೆ ನಿಜವಾದ ಜನರ ತಲೆಯ ಮೇಲೂ ಹಳದಿ ಅಕ್ಷರಗಳಲ್ಲಿ ಹೆಸರು ತೇಲುತ್ತದೆ. ಒಮ್ಮೆ ಮುಖ ತೋರಿಸಿ ಹೆಸರು ಹೇಳಿದರಾಯಿತು, ಅದು ಮರೆಯುವುದಿಲ್ಲ. ಈಗ ಊರಿನಲ್ಲಿ ಅರ್ಧ ಜನರ ಮೂಗಿನ ಮೇಲೆ ಅದೇ. ಕಾರ್ಖಾನೆಗಳಲ್ಲಿ ಗುರುತು ಇಳಿಸಿದವರಿಗೇ ಮೊದಲು ಕೆಲಸ. ಅವರಂಥ ಕೈ ಬೇರೆಯವರಿಗಿಲ್ಲವಂತೆ. ಗೊತ್ತಿದ್ದೂ ಬಾಣ ತಿರುಗಿಸುವವರಿದ್ದಾರೆ. ಸಮೀನಾ ಕೆಲಸ ಬಿಟ್ಟರು. ನಾನು ಬಿಡಲಿಲ್ಲ, ಹೊಟ್ಟೆ ಇದೆಯಲ್ಲ.

ನನ್ನ ಗಂಡನಿಗೂ ಕನ್ನಡಕ ಬಂತು. ಹಾಕಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ನೆತ್ತಿಯ ಮೇಲೆ ನೋಡಿ, "ನೀಲಾಂಬಿಕಾ" ಎಂದು ಓದಿ ನಕ್ಕರು. ಆಮೇಲೆ ಒಳಗೆ ಹೋದರು. ಬಹಳ ಹೊತ್ತಾದರೂ ಬರಲಿಲ್ಲವೆಂದು ಹೋಗಿ ನೋಡಿದರೆ, ಟ್ರಂಕಿನ ಮುಂದೆ ಮಂಡಿಯೂರಿ ಕೂತು ಒಂದೊಂದೇ ಕೂಸಿನ ಮೇಲೆ ಬಗ್ಗಿ ನೋಡುತ್ತಿದ್ದರು. ಎಲ್ಲಾದರೂ ಒಂದರ ಮೇಲೆ ಏನಾದರೂ ಕಂಡೀತು ಎಂದು. ಎಲ್ಲಿ ಕಾಣಬೇಕು? ಅದಕ್ಕೆ ಹೆಸರು ಹೇಳಿದವರು ಯಾರು?

ಅವರ ಬೆನ್ನು ಅಲುಗುತ್ತಿತ್ತು. ಆ ಬೆನ್ನನ್ನು ನೋಡಿ ನನ್ನೊಳಗಿನ ಸಿಟ್ಟು ಎಲ್ಲಿ ಹೋಯಿತೋ. ಈ ಮನುಷ್ಯ ತನ್ನಲ್ಲಿದ್ದ ಒಂದೇ ಆಸ್ತಿಯನ್ನು ನನಗೋಸ್ಕರ ಖರ್ಚು ಮಾಡಿದ್ದರು. ಪಕ್ಕದಲ್ಲಿ ಕೂತು ಟ್ರಂಕಿನೊಳಗೆ ಕೈ ಹಾಕಿದೆ. ಕೈಗೆ ಸಿಕ್ಕಿದ ಕೂಸನ್ನು ಎತ್ತಿ ಎದೆಗೆ ಹಿಡಿದುಕೊಂಡೆ.

"ಇಕಿನs ರೀ," ಎಂದೆ. "ಇಕಿನs ನಮ್ಮ ಕೂಸು."

ಅವರು ನನ್ನನ್ನೇ ನೋಡಿದರು. "ಹೆಂಗ ಗೊತ್ತಾತು? ನೀ ನೋಡಿಲ್ಲಲ್ಲ."

"ಒಂಬತ್ತು ತಿಂಗಳು ಹೊತ್ತಾಕಿಗೆ ಗೊತ್ತಾಗಂಗಿಲ್ಲೇನ್ರಿ? ಮೂಗು ನೋಡ್ರಿ, ನಮ್ಮಪ್ಪನ ಮೂಗು."

ನಮ್ಮಪ್ಪನ ಮೂಗು ಹಾಗಿರಲಿಲ್ಲ. ಅವರಿಗೆ ಅದು ತಿಳಿಯುವ ಬಗೆಯಿರಲಿಲ್ಲ. ಅವರು ಕೂಸನ್ನು ನನ್ನ ಕೈಯಿಂದ ತೆಗೆದುಕೊಂಡು, ಅಂದು ಆಸ್ಪತ್ರೆಯಲ್ಲಿ ಹಿಡಿದಿರಬಹುದಾದ ಹಾಗೆಯೇ ಹಿಡಿದು, ಗಟ್ಟಿಯಾಗಿ ಅತ್ತರು. ಅತ್ತು ಮುಗಿದ ಮೇಲೆ, "ಏನಂತ ಹೆಸರಿಡೂಣು?" ಎಂದು ಕೇಳಿದರು. ಹೊಟ್ಟೆಯಲ್ಲಿದ್ದಾಗಲೇ ನಾನು ಯೋಚಿಸಿಟ್ಟಿದ್ದ ಹೆಸರನ್ನು ಹೇಳಿದೆ: ಚಂಪಾ. ಅವರು ಕನ್ನಡಕಕ್ಕೆ ಆ ಮುಖ ತೋರಿಸಿ ಹೆಸರು ಹೇಳಿದರು. ಅಂದಿನಿಂದ ಅವರ ಕಣ್ಣಿಗೆ ಆ ಒಂದು ಕೂಸಿನ ಮೇಲೆ ಹಳದಿ ಅಕ್ಷರಗಳಲ್ಲಿ ಚಂಪಾ ಎಂದು ಕಾಣುತ್ತದೆ. ದೇವರ ಗೂಡಿನ ಪಕ್ಕದಲ್ಲಿ ಅವಳಿಗೊಂದು ಪುಟ್ಟ ತೊಟ್ಟಿಲು ಮಾಡಿದ್ದಾರೆ. ಡ್ಯೂಟಿಗೆ ಹೋಗುವಾಗ ಅವಳಿಗೆ ಹೇಳಿ ಹೋಗುತ್ತಾರೆ. ರಾತ್ರಿ ಒಳ್ಳೆಯ ನಿದ್ದೆ ಮಾಡುತ್ತಾರೆ.

ಉಳಿದವುಗಳನ್ನು ಓಣಿಯ ಹುಡುಗರಿಗೆ ಆಡಲಿಕ್ಕೆ ಕೊಟ್ಟುಬಿಡೋಣ ಎಂದು ಅವರು ಮೇಲಿಂದ ಮೇಲೆ ಹೇಳುತ್ತಾರೆ. "ಸುಮ್ನ ಟ್ರಂಕಿನ್ಯಾಗ ಯಾಕ ನೀಲಾ? ಹುಡುಗ್ರರೆ ಆಡ್ಲಿ." ನಿಮ್ಮ ಕೈಯ ಕೆಲಸ, ಯಾರಿಗೂ ಕೊಡುವುದಿಲ್ಲ ಎಂದು ನಾನು ಹೇಳುತ್ತೇನೆ. ನನ್ನನ್ನು ಜಿಪುಣಿ ಎಂದು ಚೇಷ್ಟೆ ಮಾಡುತ್ತಾರೆ.

ಅವರು ಬಸ್ಸಿಗೆ ಹೋದ ಮೇಲೆ ಬಾಗಿಲು ಮುಂದಕ್ಕೆ ಹಾಕಿ ಟ್ರಂಕು ತೆಗೆಯುತ್ತೇನೆ. ನನಗೆ ಕನ್ನಡಕವಿಲ್ಲ. ಯಾರ ತಲೆಯ ಮೇಲೂ ನನಗೆ ಹೆಸರು ಕಾಣುವುದಿಲ್ಲ. ಅದಕ್ಕೇ ದಿನಾ, ಒದ್ದೆ ಬಟ್ಟೆಯಿಂದ, ಒಬ್ಬರನ್ನೂ ಬಿಡದೆ ಎಲ್ಲರ ಮುಖ ಒರೆಸುತ್ತೇನೆ.